ಬಿಲ್ ಯಾರು ಕೊಡೋದು?

ತಿನ್ನೋದಕ್ಕೆಂದೇ ಜಪಾನಿಗೆ ಹೊರಟ ಗೆಳೆಯರು ‘ಹೋಗೋ ಮುಂಚೆ ಏನಾದ್ರೂ ನೋಡ್ಬೇಕಾ?’ ಅಂತ ಕೇಳಿದರೆ ನಾನು ಸುಶಿ ಗುರುಗಳ ಡಾಕ್ಯುಮೆಂಟರಿ ಹೇಳುವುದಿಲ್ಲ. 2006ರಲ್ಲಿ ಬಂದ ‘ಉದೋನ್’ ನೋಡಿ ಅನ್ನುತ್ತೇನೆ. ಕತ್ಸುಯುಕಿ ಮೊತೊಹಿರೊ ನಿರ್ದೇಶನದ ಈ ಸಿನಿಮಾ ಅಂಥಾ ಶ್ರೇಷ್ಠವೇನಲ್ಲ. ಎಳೆತ ಜಾಸ್ತಿ, ಕೊನೆಕೊನೆಗೆ ಕಣ್ಣೀರೂ ಜಾಸ್ತಿ. ಆದರೆ ಊಟದ ಸಿನಿಮಾಗಳು ಸಾಮಾನ್ಯವಾಗಿ ಅಡುಗೆಯವರ ಕೈ ತೋರಿಸುತ್ತವೆ. ಇದು ತಿನ್ನಲು ಬಂದವರ ಕಾರು ತೋರಿಸುತ್ತದೆ. ನಮ್ಮಂಥವರು ನೋಡಬೇಕಾದ್ದು ಅದನ್ನೇ.

ಕಥೆ ನಡೆಯುವುದು ಶಿಕೊಕು ದ್ವೀಪದ ಕಗಾವಾದಲ್ಲಿ. ಜಪಾನಿನ 47 ಪ್ರಾಂತ್ಯಗಳಲ್ಲಿ ವಿಸ್ತೀರ್ಣದಲ್ಲಿ ಅತಿ ಚಿಕ್ಕದು. ಗೋಧಿಹಿಟ್ಟಿನ ದಪ್ಪ ನೂಡಲ್ ಉದೋನ್‌ಗೆ ದೇಶಕ್ಕೆಲ್ಲ ಹೆಸರುವಾಸಿ. ನ್ಯೂಯಾರ್ಕ್‌ನಲ್ಲಿ ಕಾಮಿಡಿಯನ್ ಆಗಲು ಹೋಗಿ ಆಗದೆ, ಸಾಲ ಹೊತ್ತು ಊರಿಗೆ ಮರಳುವ ಹುಡುಗ. ನೂಡಲ್ ಮಾಡಿ ಮಾರುವ, ಮಾತೇ ಆಡದ ಅಪ್ಪ. ಮಗ ಸ್ಥಳೀಯ ಪತ್ರಿಕೆಯೊಂದಕ್ಕೆ ಸೇರಿ, ಮೂಲೆಮೂಲೆಯ ಉದೋನ್ ಅಂಗಡಿಗಳ ಬಗ್ಗೆ ಗೆಳೆಯರ ಜೊತೆ ಸೇರಿ ಅಂಕಣ ಶುರುಮಾಡುತ್ತಾನೆ. ಓದಿದವರು ಕಾರು ಹತ್ತುತ್ತಾರೆ. ಆಮೇಲೆ ದೇಶವೇ ಬರುತ್ತದೆ.

ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ‘ಟಿಜೆ ಕಗಾವಾ’ ಅನ್ನುವ ಪತ್ರಿಕೆಯ ಸಂಪಾದಕ ಕಜುತೊಶಿ ತಾವೊ ಇಂಥದ್ದೇ ಅಂಕಣ ನಡೆಸಿ, 1993ರಿಂದ ಅದನ್ನು ಪುಸ್ತಕವಾಗಿಯೂ ತಂದರು. ಉದೋನ್ ತಿನ್ನಲು ಕಾರಿನಲ್ಲಿ ಊರೂರು ಸುತ್ತುವ ಚಟ ಹಬ್ಬಿದ್ದು ಅಲ್ಲಿಂದಲೇ. ಮೊತೊಹಿರೊ ಕೂಡ ಕಗಾವಾದವರೇ. ಹಾಗಾಗಿ ಸಿನಿಮಾದ ಮೊದಲರ್ಧದಲ್ಲಿ ಊರಿನವನ ಸಲಿಗೆ ಇದೆ: ಹೊಲದ ಮಧ್ಯದ ಶೆಡ್ಡು, ಬೋರ್ಡೇ ಇಲ್ಲದ ಬಾಗಿಲು, ಒಳಗೆ ಸರ್ರಂತ ನೂಡಲ್ ಎಳೆಯುವ ಸದ್ದು.

ನಾವು ನಾಲ್ವರು ತಕಮಾತ್ಸುವಿನಲ್ಲಿ ಬಾಡಿಗೆ ಕಾರು ಹಿಡಿದು ಮೂರು ದಿನ ಸುತ್ತಿದ್ದು ಇವೇ ರಸ್ತೆಗಳಲ್ಲಿ. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಅದೊಂದು ನೆಮ್ಮದಿ. ಇಂಥ ಅಂಗಡಿಗಳಲ್ಲಿ ಎಷ್ಟೋ ಮೊದಲು ಹೋಟೆಲುಗಳೇ ಅಲ್ಲ. ಸುತ್ತಲಿನವರಿಗೆ ನೂಡಲ್ ಮಾಡಿಕೊಡುವ ಕಾರ್ಖಾನೆಗಳು. ಬಂದವರಿಗೆ ಒಂದು ಮೂಲೆಯಲ್ಲಿ ಬಟ್ಟಲು ಕೊಟ್ಟರು, ಅಷ್ಟೇ. ನೂಡಲ್ ನೀವೇ ಬಿಸಿನೀರಲ್ಲಿ ಅದ್ದಿ, ಸಾರು ನೀವೇ ಹುಯ್ದುಕೊಳ್ಳಿ. ಮುನ್ನೂರು ಯೆನ್ ಆಸುಪಾಸು. ಹಿಟ್ಟು ಮುಗಿಯಿತೋ, ಮಧ್ಯಾಹ್ನವೇ ಬಾಗಿಲು ಬಂದ್. ನಮ್ಮಲ್ಲಿದ್ದ ಒಬ್ಬ ಸಸ್ಯಾಹಾರಿಗೆ ಸಾರು ವರ್ಜ್ಯ, ಅದು ಒಣಮೀನಿನದು. ಅವನು ಬರೀ ನೂಡಲ್ ಮೇಲೆ ಸೋಯಾ ಸಾಸ್ ಹಾಕಿಕೊಂಡು ತಿಂದ. ಮೂರು ದಿನದ ಕೊನೆಗೆ ಯಾವ ಅಂಗಡಿಯ ಹಿಟ್ಟು ಎಷ್ಟು ಗಟ್ಟಿ ಅಂತ ಸರಿಯಾಗಿ ಹೇಳುತ್ತಿದ್ದವನು ಅವನೊಬ್ಬನೇ.

ಜಗಳ ಆಗಿದ್ದು ಎರಡನೇ ದಿನ. ಗುಡ್ಡದ ಬುಡದಲ್ಲೊಂದು ಅಂಗಡಿ, ವಯಸ್ಸಾದ ದಂಪತಿ, ಎರಡೇ ಬೆಂಚು. ಹೊರಗೆ ನಮ್ಮದೂ ಸೇರಿ ನಾಲ್ಕು ಕಾರು ನಿಂತು ಟ್ರ್ಯಾಕ್ಟರ್‌ಗೆ ದಾರಿ ಇಲ್ಲ. ನಮ್ಮ ರೀಲ್ಸ್ ಗೆಳತಿ ಲೊಕೇಶನ್ ಹಾಕೋದೇ ಅಂದಳು. ‘ಅವರಿಗೆ ವ್ಯಾಪಾರ ಆಗೋದು ಬೇಡ್ವಾ?’ ನಾನು ಬೇಡ ಅಂದೆ. ಅವಳ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಊರಿನಲ್ಲಿ ಮಕ್ಕಳು ಉಳಿದಿಲ್ಲ, ಗಿರಾಕಿ ಬರದಿದ್ದರೂ ಅಂಗಡಿ ಮುಚ್ಚುತ್ತದೆ. ಆದರೆ ದಿನಕ್ಕೆ ಇಷ್ಟೇ ಹಿಟ್ಟು ನಾದಬಲ್ಲ ಕೈಗಳಿಗೆ ಇನ್ನೂರು ಜನ ಹೆಚ್ಚು ಬಂದರೆ ಅದು ವ್ಯಾಪಾರವಾ, ಹೊರೆಯಾ? ದಿನಾ ಬರುವ ಟ್ರ್ಯಾಕ್ಟರಿನವನು ಎಲ್ಲಿ ತಿನ್ನಬೇಕು? ಕೊನೆಗೆ ಅವಳು ಬಟ್ಟಲಿನ ಚಿತ್ರ ಹಾಕಿದಳು, ಜಾಗದ ಹೆಸರು ಹಾಕಲಿಲ್ಲ. ಮುನಿಸು ಮಾತ್ರ ಸಂಜೆವರೆಗೂ ಇತ್ತು.

‘ಉದೋನ್’ ಈ ಪ್ರಶ್ನೆಯ ಹತ್ತಿರ ಬರುತ್ತದೆ. ಗಲ್ಲಿಗಳಲ್ಲಿ ಕಾರು, ಬಾಗಿಲಲ್ಲಿ ಸಾಲು, ಅಕ್ಕಪಕ್ಕದವರಿಗೆ ತಲೆನೋವು, ಎಲ್ಲ ತೋರಿಸುತ್ತದೆ. ಬರೆದವರು ತಾವು ಹಚ್ಚಿದ ಬೆಂಕಿ ನೋಡಿ ಪೆಚ್ಚಾಗುವ ಆ ಭಾಗವೇ ಸಿನಿಮಾದ ಜೀವ. ಆದರೆ ನಿರ್ದೇಶಕರಿಗೆ ಅಲ್ಲಿ ನಿಲ್ಲುವ ಧೈರ್ಯವಿಲ್ಲ. ಅಪ್ಪ ತೀರಿಕೊಳ್ಳುತ್ತಾನೆ, ಅಪ್ಪನ ರುಚಿ ಮರಳಿ ಹಿಡಿಯಲು ಮಗ ಹೆಣಗುತ್ತಾನೆ, ನಾವು ಕರ್ಚೀಫು ಹುಡುಕುತ್ತೇವೆ. ಮಧ್ಯೆ ‘ಕ್ಯಾಪ್ಟನ್ ಉದೋನ್’ ಅನ್ನುವ ಸೂಪರ್‌ಹೀರೋ ಬೇರೆ. ಮಗನ ದುಃಖ ನಿಜ, ಒಪ್ಪೋಣ. ಆದರೆ ಒಂದು ಮನೆಯ ದುಃಖ ತೀರಿದರೆ ಊರಿನ ಲೆಕ್ಕ ಚುಕ್ತಾ ಆಗುವುದಿಲ್ಲ. ಸಾಲು ನಿಂತವರು ಸುಮ್ಮನೆ ಮನೆಗೆ ಹೋದರು, ಅಷ್ಟೇ. ಅವರನ್ನು ಕರೆದವರ ಹೊಣೆ ಏನು ಅನ್ನುವುದನ್ನು ಸಿನಿಮಾ ಅರ್ಧಕ್ಕೇ ಬಿಟ್ಟು ಅಪ್ಪನ ಅಡುಗೆಮನೆಗೆ ಓಡುತ್ತದೆ.

ಆಗ ಒಂದು ಅಂಕಣ ಇಷ್ಟು ಮಾಡಲು ತಿಂಗಳುಗಳು ಬೇಕಿತ್ತು. ಈಗ ಹದಿನೈದು ಸೆಕೆಂಡಿನ ವೀಡಿಯೊ ಸಾಕು. ಹಾಗಾಗಿಯೇ ಈ ಹಳೇ ಸಿನಿಮಾ ಅದು ಬಂದಾಗಿಗಿಂತ ಈಗ ಹೆಚ್ಚು ಚುಚ್ಚುತ್ತದೆ. ತಿನ್ನುವ ಪ್ರವಾಸವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮತ್ತೆ ಹೋಗುತ್ತೇನೆ ಕೂಡ. ಬಟ್ಟಲಿಗೆ ಮುನ್ನೂರು ಯೆನ್ ಕೊಟ್ಟ ಮಾತ್ರಕ್ಕೆ ಬಿಲ್ ಮುಗಿಯಲಿಲ್ಲ ಅನ್ನುತ್ತಿದ್ದೇನೆ.

ನೋಡಿ. ದ್ವಿತೀಯಾರ್ಧ ಬೇಜಾರಾದರೆ ಫಾರ್ವರ್ಡ್ ಮಾಡಿಕೊಳ್ಳಿ. ಕಾರುಗಳ ಸಾಲಿನ ದೃಶ್ಯ ಮಾತ್ರ ಬಿಡಬೇಡಿ. ನಮ್ಮ ಬಾಡಿಗೆ ಕಾರೂ ಅಲ್ಲೇ ನಿಂತಿದೆ.