ಕಂಡದ್ದು ಮತ್ತು ನುಡಿದದ್ದು: ಕಾಲ್ಚೆಂಡಾಟದ ಒಂದು ತೀರ್ಪಿನ ವಿಮರ್ಶೆ

ಕಾಲ್ಚೆಂಡಾಟದ ತೀರ್ಪುಗಾರರ ತಪ್ಪುಗಳನ್ನು ಕುರಿತ ಚರ್ಚೆಯು ಬಹುಕಾಲ ಒಂದೇ ನಂಬಿಕೆಯ ಮೇಲೆ ನಿಂತಿತ್ತು: ತಪ್ಪು ಕಣ್ಣಿನದು, ಕಣ್ಣಿಗೆ ನೆರವು ದೊರೆತರೆ ಅದು ತಾನಾಗಿ ನೀಗುತ್ತದೆ. ಈ ನಂಬಿಕೆ ನಿರಾಧಾರವೇನೂ ಅಲ್ಲ. 1966ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಜೆಫ್ ಹರ್ಸ್ಟ್ ಒದೆದ ಚೆಂಡು ಗೋಲಿನ ಗೆರೆಯನ್ನು ಪೂರ್ಣವಾಗಿ ದಾಟಿತೆ ಎಂಬ ವಿವಾದ ಇಂದಿಗೂ ಅಡಗಿಲ್ಲ. 2010ರಲ್ಲಿ ಫ್ರಾಂಕ್ ಲ್ಯಾಂಪಾರ್ಡನ ಚೆಂಡು ಗೆರೆಯ ಒಳಕ್ಕೆ ಬಿದ್ದುದನ್ನು ದೂರದರ್ಶನದ ಪ್ರೇಕ್ಷಕರೆಲ್ಲರೂ ಕಂಡರು. ಕಾಣದೆ ಹೋದವರು ತೀರ್ಪು ಕೊಡಬೇಕಾದವರು ಮಾತ್ರ! ಇಂತಹ ಪ್ರಸಂಗಗಳ ಒತ್ತಡದಿಂದಲೇ 2012ರಲ್ಲಿ ಗೋಲುಗೆರೆಯ ಯಂತ್ರಕ್ಕೂ, 2018ರಲ್ಲಿ ವಿಡಿಯೋ ಸಹಾಯಕ ರೆಫರಿಯ ಪದ್ಧತಿಗೂ ಆಟದ ನಿಯಮಗಳಲ್ಲಿ ಸ್ಥಾನ ದೊರೆಯಿತು.

2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ತಂಡಗಳ ನಡುವೆ ನಡೆದ ಪಂದ್ಯವು ಈ ನಂಬಿಕೆಯ ಬುಡವನ್ನೇ ಅಲುಗಿಸಿತು. ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಮೈದಾನದ ಅಧಿಕಾರಿಗಳು ಆಫ್‌ಸೈಡ್ ಎಂದು ತಳ್ಳಿಹಾಕಿದರು. ಪುನರ್ದರ್ಶನದ ಕೊಠಡಿಯಲ್ಲಿದ್ದ ಅಧಿಕಾರಿಗೆ ಅದು ಆಫ್‌ಸೈಡ್ ಅಲ್ಲವೆಂಬುದು ಸರಿಯಾಗಿಯೇ ಕಂಡಿತು. ಆದರೆ ಮೈದಾನದಲ್ಲಿ ಗೋಲೆಂದೇ ತೀರ್ಪಾಗಿದೆಯೆಂದು ಭಾವಿಸಿದ್ದ ಆತನು ಪರಿಶೀಲನೆ ಮುಗಿಯಿತೆಂದೂ ಎಲ್ಲವೂ ಸರಿಯಾಗಿದೆಯೆಂದೂ ಮಾತ್ರ ತಿಳಿಸಿದನು. ರೆಫರಿಯು ಇದನ್ನು ಆಫ್‌ಸೈಡ್ ತೀರ್ಪಿಗೆ ದೊರೆತ ಸಮ್ಮತಿಯೆಂದು ಗ್ರಹಿಸಿ ಆಟವನ್ನು ಮುಂದುವರಿಸಿದನು. ಕೆಲವೇ ಕ್ಷಣಗಳಲ್ಲಿ ಕೊಠಡಿಯವರಿಗೆ ಪ್ರಮಾದ ತಿಳಿಯಿತು. ಆದರೆ ಆಟ ಮರಳಿ ಆರಂಭವಾದ ಮೇಲೆ ಅಂತಹ ತೀರ್ಪನ್ನು ತಿದ್ದಲು ನಿಯಮದಲ್ಲಿ ಅವಕಾಶವಿರಲಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು.

ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಕೆಟ್ಟದ್ದು ಪ್ರತ್ಯಕ್ಷವಲ್ಲ, ಶಬ್ದ. ಹಗ್ಗವನ್ನು ಹಾವೆಂದು ಯಾರೂ ಕಾಣಲಿಲ್ಲ; ಹಗ್ಗವೆಂದೇ ಕಂಡವನ ಮಾತನ್ನು ಕೇಳಿದವನು ಹಾವೆಂದು ತಿಳಿದನು. ಆ ಮಾತೂ ಸುಳ್ಳಲ್ಲ. ಪರಿಶೀಲನೆ ಮುಗಿದಿದ್ದುದು ನಿಜವೇ. ಗೋಲಾದರೂ ಆಗದಿದ್ದರೂ ಸಮನಾಗಿ ಹೊಂದುವ ವಾಕ್ಯವದು. ಯಾವ ತೀರ್ಪು ಉಳಿಯಿತು ಎಂಬ ಆಕಾಂಕ್ಷೆಯನ್ನು ಅದು ಪೂರೈಸಲಿಲ್ಲ. ರೆಫರಿಗಳ ಸಂಸ್ಥೆಯು ಇದನ್ನು ಗಣನೀಯವಾದ ಮಾನವ ದೋಷವೆಂದು ಒಪ್ಪಿಕೊಂಡಿತು. ಈ ವಿವರಣೆ ಪ್ರಾಮಾಣಿಕವಾದರೂ ಅಸಮರ್ಪಕ. ಅನಂತರ ಸಂಸ್ಥೆ ತಿದ್ದಿದ್ದು ಕ್ಯಾಮರಾಗಳನ್ನಲ್ಲ, ಸಂಭಾಷಣೆಯ ಕ್ರಮವನ್ನು: ಪರಿಶೀಲನೆಯ ಫಲಿತಾಂಶವನ್ನು ಜೊತೆಯ ಸಹಾಯಕನೊಡನೆ ಖಚಿತಪಡಿಸಿಕೊಂಡ ಬಳಿಕವೇ ಮೈದಾನಕ್ಕೆ ತಿಳಿಸಬೇಕೆಂದು ವಿಧಿಸಿತು. ದೋಷವು ಒಬ್ಬನ ಎಚ್ಚರಗೇಡಿತನದಲ್ಲಿ ಎಷ್ಟಿತ್ತೋ ಅಷ್ಟೇ ಆ ಸಂಕ್ಷಿಪ್ತ ನುಡಿಗಟ್ಟಿನಲ್ಲಿಯೂ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಚಿತ್ರವಾದರೂ ಅರ್ಥೈಸದೆ ನಿಲ್ಲುವಂಥದಲ್ಲ. ಚೆಂಡು ಎಲ್ಲಿ ತಗುಲಿತೆಂಬುದನ್ನು ನಿಧಾನಗತಿಯಲ್ಲಿಯೂ, ಅಪರಾಧದ ತೀವ್ರತೆಯನ್ನು ಸಹಜ ವೇಗದಲ್ಲಿಯೂ ನೋಡಬೇಕೆಂದು ನಿಯಮಾವಳಿಯೇ ಹೇಳುತ್ತದೆ.

ಉಳಿದದ್ದು ನಿಯಮದ ಪ್ರಶ್ನೆ. ನಿಯಮವನ್ನು ಮುರಿದಾದರೂ ಅಂದು ಆಟವನ್ನು ನಿಲ್ಲಿಸಬೇಕಾಗಿತ್ತೆಂಬ ವಾದವನ್ನು ಈ ಲೇಖಕನು ಒಪ್ಪಲಾರನು. ನಡೆದ ಆಟವನ್ನು ಇಷ್ಟಬಂದಂತೆ ಅಳಿಸಬಹುದಾದರೆ ಯಾವ ಗೋಲಿಗೂ ಸ್ಥಿರತೆಯಿಲ್ಲ. ಆದರೆ ಈ ನಿಯಮವು ನಿರಪವಾದವಲ್ಲವೆಂಬುದು ಗಮನಾರ್ಹ. ಹಿಂಸಾತ್ಮಕ ವರ್ತನೆಯೇ ಮೊದಲಾದ ಕೆಲವು ಅಪರಾಧಗಳನ್ನೂ, ಒಬ್ಬನ ಬದಲು ಇನ್ನೊಬ್ಬನನ್ನು ಶಿಕ್ಷಿಸಿದ ಪ್ರಸಂಗವನ್ನೂ ಆಟ ಮುಂದುವರಿದ ಮೇಲೆಯೂ ಪರಿಶೀಲಿಸಬಹುದಾಗಿದೆ. ತಪ್ಪು ವ್ಯಕ್ತಿಗೆ ತಲುಪಿದ ಶಿಕ್ಷೆಯನ್ನು ಹಿಂಪಡೆಯಬಹುದಾದಲ್ಲಿ, ತಪ್ಪು ಅರ್ಥದಲ್ಲಿ ತಲುಪಿದ ಮಾತನ್ನು ಆ ಕೂಡಲೇ ಹಿಂಪಡೆಯಲು ಏಕೆ ಅವಕಾಶವಿರಬಾರದೆಂಬುದಕ್ಕೆ ನಿಯಮಾವಳಿಯಲ್ಲಿ ಸಮಾಧಾನ ಕಾಣದು.