ಅಂಚೆ ರಸೀದಿಯೊಂದರ ವ್ಯಾಖ್ಯಾನ

ಮೈಸೂರಿನ ಅಶೋಕ ರಸ್ತೆಯ ಪ್ರಧಾನ ಅಂಚೆ ಕಚೇರಿಯಲ್ಲಿ ಲಕೋಟೆಯೊಂದನ್ನು ಸ್ಪೀಡ್ ಪೋಸ್ಟಿಗೆ ಕೊಟ್ಟವರಿಗೆ ಅಂಗೈಯಗಲದ ಚೀಟಿಯೊಂದು ಸಲ್ಲುತ್ತದೆ. ಗಂಜೀಫಾ ಚಿತ್ರವಿರುವ ಬುಕ್‌ಮಾರ್ಕು, ತರಕಾರಿ ಬೀಜ, ತೆಳ್ಳನೆಯ ಕವನ ಸಂಕಲನ ಮುಂತಾದ ಹಗುರ ಸರಕನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಮಾರುವವರಿಗೆ ಈ ಚೀಟಿಯೇ ಪ್ರಮಾಣ, ಅಂದರೆ ಸಾಕ್ಷಿ. ಕೊಂಡವರು "ಎಲ್ಲಿಗೆ ಬಂತು?" ಎಂದು ಕೇಳಿದಾಗ ಇದನ್ನೇ ನೋಡಿ ಉತ್ತರ ಕೊಡಬೇಕು. ಆದರೆ ಈ ಚೀಟಿಯೂ ಇದರ ಬೆನ್ನಿಗೆ ಪರದೆಯ ಮೇಲೆ ಮೂಡುವ ಸಾಲುಗಳೂ ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ನೋಡಿದವರು ಕಡಿಮೆ. ಆದಕಾರಣ ಈ ವಿವರಣೆ.

"ಇಕೆ 473124829 ಐಎನ್". ಇದು ಹದಿಮೂರು ಸ್ಥಾನಗಳ ಸಂಖ್ಯೆ. ಇಲ್ಲಿ ಕೊಟ್ಟಿರುವುದು ಮಾದರಿ ಮಾತ್ರ. ಇದರ ಚೌಕಟ್ಟನ್ನು ವಿಧಿಸಿದ್ದು 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ. ಮೊದಲಕ್ಷರ "ಇ" ಸೇವೆಯ ಕುಲವನ್ನು ಸೂಚಿಸುತ್ತದೆ: ಶೀಘ್ರ ಅಂಚೆಗೆ "ಇ", ನೋಂದಾಯಿತ ಅಂಚೆಗೆ "ಆರ್". ಎರಡನೆಯದಾದ "ಕೆ" ಕರ್ನಾಟಕ ಅಂಚೆ ವೃತ್ತದ ಗುರುತು. ಕಡೆಯ "ಐಎನ್" ಭಾರತ ದೇಶವನ್ನು ಹೇಳುತ್ತದೆ. ಲಕೋಟೆಯೊಳಗೆ ಏನಿದೆ, ಯಾರದು, ಯಾರಿಗೆ ಎಂಬ ಯಾವ ಮಾಹಿತಿಯೂ ಈ ಸಂಖ್ಯೆಯಲ್ಲಿ ಅಡಗಿಲ್ಲ.

ನಡುವಿನ ಒಂಬತ್ತು ಅಂಕಿಗಳಲ್ಲಿ ಮೊದಲ ಎಂಟು ಕ್ರಮಸಂಖ್ಯೆ. ಒಂಬತ್ತನೆಯದು ಪರೀಕ್ಷಾಂಕ, ಎಂದರೆ ಉಳಿದ ಎಂಟೂ ಸರಿಯಿವೆಯೇ ಎಂದು ತೂಗಿ ನೋಡುವ ಅಂಕಿ. ಅದು ಹುಟ್ಟುವ ಬಗೆ ಹೀಗೆ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. ಮಾದರಿಯ 47312482ಕ್ಕೆ 32, 42, 12, 2, 6, 20, 72, 14 ದೊರೆತು ಮೊತ್ತ 200 ಆಗುತ್ತದೆ. 200ನ್ನು 11ರಿಂದ ಭಾಗಿಸಿದರೆ ಶೇಷ 2; 11ರಲ್ಲಿ 2 ಕಳೆದರೆ 9. ಈಗ ಮಾರುವವರು ಅವಸರದಲ್ಲಿ ವಾಟ್ಸಾಪಿನಲ್ಲಿ ಸಂಖ್ಯೆ ಕಳಿಸುವಾಗ 3 ಮತ್ತು 1 ಅದಲುಬದಲಾದವೆನ್ನಿ. ಮೊತ್ತ 196, ಶೇಷ 9, ಪರೀಕ್ಷಾಂಕ 2 ಆಗಬೇಕಾಗುತ್ತದೆ, ಬರೆದಿರುವುದು 9. ಸಂಖ್ಯೆ ಸಿಂಧುವಲ್ಲವೆಂದು ಲೆಕ್ಕವೇ ಹೇಳುತ್ತದೆ. "ಟ್ರ್ಯಾಕಿಂಗ್ ನಂಬರ್ ಕೆಲಸ ಮಾಡುತ್ತಿಲ್ಲ" ಎಂಬ ದೂರು ಬಂದೊಡನೆ ಅಂಚೆಯನ್ನು ಶಂಕಿಸುವ ಮೊದಲು ಬರವಣಿಗೆಯನ್ನು ಪರಿಶೀಲಿಸುವುದು ಯುಕ್ತ.

ಪಿನ್‌ಕೋಡಿನ ಸಾಲು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಈ ಕ್ರಮದಲ್ಲಿ 570 ಎಂಬುದು ಮೈಸೂರಿನ ವಿಂಗಡಣಾ ವಲಯ. 001 ಪ್ರಧಾನ ಕಚೇರಿ, 023 ಕುವೆಂಪುನಗರ. ಲಕೋಟೆಯ ದಾರಿ ನಿಶ್ಚಯವಾಗುವುದು ಈ ಆರು ಅಂಕಿಗಳಿಂದಲೇ. ಒಂದು ಅಂಕಿ ತಪ್ಪಿದರೂ ಪರದೆಯ ಸಾಲುಗಳು ತಪ್ಪು ಊರಿನ ನಿಜವಾದ ವರದಿಯನ್ನು ಕೊಡುತ್ತಾ ಹೋಗುತ್ತವೆ.

ಶುಲ್ಕದ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಸಾದಾ ಲಕೋಟೆಗೆ 20 ಗ್ರಾಂವರೆಗೆ 5 ರೂಪಾಯಿ. ಹಿಂದೆ ಅದರ ಮೇಲೆ 17 ರೂಪಾಯಿ ನೋಂದಣಿ ಶುಲ್ಕ ತೆತ್ತರೆ ರಿಜಿಸ್ಟರ್ಡ್ ಅಂಚೆಯಾಗಿ ಸಂಖ್ಯೆಯೂ ಸಹಿಯೂ ಸಿಗುತ್ತಿದ್ದವು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅಕ್ಟೋಬರ್ 1ರಿಂದ ಜಾರಿಗೆ ಬಂದ ದರದಂತೆ 50 ಗ್ರಾಂವರೆಗಿನ ಲಕೋಟೆಗೆ ಊರೊಳಗೆ 19 ರೂಪಾಯಿ, ಹೊರಗೆ 47 ರೂಪಾಯಿ, ತೆರಿಗೆ ಬೇರೆ. ನೋಂದಣಿ ಬೇಕೆಂದರೆ ಇನ್ನು 5 ರೂಪಾಯಿ. ಒಟಿಪಿ ಪಡೆದು ಬಟವಾಡೆ ಮಾಡಿಸಬೇಕೆಂದರೆ ಮತ್ತೆ 5. ಅರವತ್ತು ರೂಪಾಯಿಯ ಬುಕ್‌ಮಾರ್ಕನ್ನು ಧಾರವಾಡಕ್ಕೆ ಕಳಿಸುವವರಿಗೆ ಈ 47 ಭಾರವೇ ಸರಿ. ಸಣ್ಣ ಮಾರಾಟಗಾರರು ಮರಳಿ 5 ರೂಪಾಯಿಯ ಸಾದಾ ಲಕೋಟೆಯ ಕಡೆ ನೋಡುವುದಕ್ಕೆ ಕಾರಣ ಇಷ್ಟೇ. ಅದನ್ನು ಜಿಪುಣತನವೆನ್ನುವುದು ನ್ಯಾಯವಲ್ಲ.

ಇಲ್ಲಿ ಶಂಕೆ: ಸಾದಾ ಲಕೋಟೆಯೂ ಅದೇ ಅಂಚೆಯಲ್ಲಿ ಹೋಗುವುದಾದರೆ ಅದಕ್ಕೇಕೆ ಟ್ರ್ಯಾಕಿಂಗ್ ಇಲ್ಲ? ಸಮಾಧಾನ: ಟ್ರ್ಯಾಕಿಂಗ್ ಎಂಬುದು ಪ್ರಯಾಣದಿಂದ ತಾನಾಗಿ ಹುಟ್ಟುವ ಫಲವಲ್ಲ. ದಾರಿಯ ಒಂದೊಂದು ನೆಲೆಯಲ್ಲೂ ಒಬ್ಬ ನೌಕರ ಆ ಲಕೋಟೆಯನ್ನು ಬೇರೆಯಾಗಿ ಕೈಗೆತ್ತಿಕೊಂಡು ಸ್ಕ್ಯಾನ್ ಮಾಡಬೇಕು. ಸಾದಾ ಲಕೋಟೆ ಅಗ್ಗವಾಗಿರುವುದು ಯಾರೂ ಹಾಗೆ ಎತ್ತಿಕೊಳ್ಳದಿರುವುದರಿಂದ. ಹಿಂದೆ ಸಾದಾ ಅಂಚೆಗೂ ಯುಪಿಸಿ ಎಂಬ ದೃಢೀಕರಣ ಚೀಟಿಯಿತ್ತು. 2011ರಲ್ಲಿ ಅದು ನಿಂತಿತು. ಅದು ಕೂಡ ಲಕೋಟೆಯನ್ನು ಅಂಚೆಗೆ ಹಾಕಿದ್ದಕ್ಕೆ ಸಾಕ್ಷಿಯಾಗಿತ್ತೇ ಹೊರತು ತಲುಪಿದ್ದಕ್ಕಲ್ಲ.

ಇನ್ನು ಪರದೆಯ ಸಾಲುಗಳು. ಇವನ್ನು ಮೂಡಿಸುವ ಎಪಿಟಿ ಎಂಬ ಹೊಸ ತಂತ್ರಾಂಶವನ್ನು ರೂಪಿಸಿದ್ದು ಅಂಚೆ ಇಲಾಖೆಯದೇ ಆದ ಸಿಇಪಿಟಿ; ಮೈಸೂರಿನಲ್ಲಿ ಬೆಳೆದ ಸಂಸ್ಥೆ. 2025ರ ಮೇ-ಜೂನ್‌ನಲ್ಲಿ ಮೊದಲ ಪ್ರಯೋಗ ನಡೆದದ್ದೂ ಕರ್ನಾಟಕ ವೃತ್ತದಲ್ಲೇ.

"ಐಟಂ ಬುಕ್ಡ್" ಎಂದರೆ ಕೌಂಟರಿನಲ್ಲಿ ಸ್ವೀಕಾರವಾಯಿತು ಎಂದಷ್ಟೇ ಅರ್ಥ. ಲಕೋಟೆ ಕಟ್ಟಡದಿಂದ ಹೊರಬಿತ್ತೆಂದು ಇದರಿಂದ ತಿಳಿಯಬಾರದು.

"ಐಟಂ ಬ್ಯಾಗ್ಡ್", ಚೀಲಕ್ಕೆ ಸೇರಿತು. ಗೊಂದಲವೆಲ್ಲ ಹುಟ್ಟುವುದು ಈ ಸಾಲಿನಿಂದ. ಚೀಲಕ್ಕೆ ತನ್ನದೇ ಬಾರ್‌ಕೋಡ್ ಉಂಟು. ಬಾಯಿ ಮುಚ್ಚಿ ಮುದ್ರೆಯಾದ ಮೇಲೆ ದಾರಿಯಲ್ಲಿ ಸ್ಕ್ಯಾನ್ ಆಗುವುದು ಚೀಲವೇ. ಒಳಗಿನ ಲಕೋಟೆಯನ್ನು ಯಾರೂ ನೋಡುವುದಿಲ್ಲ. "ಬ್ಯಾಗ್ ಡಿಸ್ಪ್ಯಾಚ್ಡ್" ಎಂಬ ಮುಂದಿನ ಸಾಲು ಚೀಲದ ಚರಿತ್ರೆಯೇ ಆಗಿದ್ದು, ಲಕೋಟೆಗೆ ಅನುಮಾನ ಪ್ರಮಾಣದಿಂದ, ಅಂದರೆ ಊಹೆಯಿಂದ, ಅನ್ವಯವಾಗುತ್ತದೆ. ಎರಡು ಮೂರು ದಿನ ಹೊಸ ಸಾಲು ಮೂಡದಿದ್ದರೆ ಲಕೋಟೆ ಕಳೆದಿದೆ ಎಂದರ್ಥವಲ್ಲ. ಚೀಲ ಇನ್ನೂ ತೆರೆದಿಲ್ಲ, ಇಲ್ಲವೇ ತೆರೆದವರು ಸ್ಕ್ಯಾನ್ ಮಾಡಿಲ್ಲ. ಈ ಮೌನವನ್ನು ಕಂಡು ಹಣ ಹಿಂದಿರುಗಿಸಿದವರು ಆಮೇಲೆ ಲಕೋಟೆಯೂ ತಲುಪಿತೆಂದು ಕೇಳಬೇಕಾಗುತ್ತದೆ.

"ಔಟ್ ಫಾರ್ ಡೆಲಿವರಿ" ಪೋಸ್ಟ್‌ಮನ್ನರ ಕೈ ಸೇರಿದ ಹಂತ. ಬಾಗಿಲು ಹಾಕಿದ್ದರೆ ಇದೇ ಸಾಲು ಮರುದಿನ ಮತ್ತೆ ಬರಬಹುದು.

"ಐಟಂ ಡೆಲಿವರ್ಡ್". ಸ್ಪೀಡ್ ಪೋಸ್ಟಿನ ಕಟ್ಟುಪಾಡು ವಿಳಾಸದೊಂದಿಗೆ. ಆ ಮನೆಯಲ್ಲಿ ಇದ್ದವರು ಪಡೆಯಬಹುದು. ನೋಂದಣಿ ಸೇರಿಸಿದರೆ ಮಾತ್ರ ಅದು ವ್ಯಕ್ತಿಯೊಂದಿಗೆ ಬೆಸೆಯುತ್ತದೆ: ವಿಳಾಸದಾರರು ಅಥವಾ ಅವರು ಅಧಿಕಾರ ಕೊಟ್ಟವರು ಪಡೆಯಬೇಕು. "ಡೆಲಿವರ್ಡ್ ಅಂತಿದೆ, ನನಗೆ ಬಂದಿಲ್ಲ" ಎಂಬ ಮಾತು ಸುಳ್ಳಾಗಿರಲೇಬೇಕೆಂದಿಲ್ಲ. ನೆರೆಯವರೋ ಕಾವಲುಗಾರರೋ ತೆಗೆದಿಟ್ಟಿರಬಹುದು.

ಪುಸ್ತಕ ಮಾರುವವರಿಗೆ ಬೇರೊಂದು ದಾರಿಯಿದೆ. 2025ರ ಮೇ 1ರಿಂದ ನಡೆಯುತ್ತಿರುವ ಜ್ಞಾನ್ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ, ಟ್ರ್ಯಾಕಿಂಗ್ ಉಂಟು. ನೆಲದ ಮಾರ್ಗವಾದ್ದರಿಂದ ನಿಧಾನ. ಜಾಹೀರಾತು ಹೊತ್ತ ಪ್ರಕಟಣೆಗೂ ನಿಯತಕಾಲಿಕಗಳಿಗೂ ಸಲ್ಲದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಕವನ ಸಂಕಲನಕ್ಕೆ ಇದು ಸಾಕು. ಬುಕ್‌ಮಾರ್ಕಿಗೂ ಬೀಜದ ಪೊಟ್ಟಣಕ್ಕೂ ಇಂಥ ಅಗ್ಗದ ಸಂಖ್ಯೆ ಇಲ್ಲದಿರುವುದು ಕೊರತೆಯೇ. ಹಗುರ ಲಕೋಟೆಗೆ ಸಹಿ ಬೇಡದ, ಎರಡೇ ಸ್ಕ್ಯಾನಿನ ಸೇವೆಯೊಂದನ್ನು ಇಲಾಖೆ ತೆರೆಯಬೇಕು. ಅಲ್ಲಿಯವರೆಗೆ ಮಾರುವವರು ಯಾವ ಅಂಚೆಯಲ್ಲಿ ಕಳಿಸುತ್ತೇವೆ, ಅದಕ್ಕೆ ಟ್ರ್ಯಾಕಿಂಗ್ ಇದೆಯೋ ಇಲ್ಲವೋ ಎಂಬುದನ್ನು ಹಣ ಪಡೆಯುವ ಮೊದಲೇ, ಬೆಲೆಯ ಪಕ್ಕದಲ್ಲೇ ಕೊಳ್ಳುವವರಿಗೆ ಬರೆದು ತಿಳಿಸಲಿ.