ಮೃಗವೋ ವ್ಯಾಧನೋ: ನಕ್ಷತ್ರಕಥೆಗಳ ಒಂದು ವಿಮರ್ಶೆ

ಮಾರ್ಗಶಿರ ಪುಷ್ಯ ಮಾಸಗಳ ಮುನ್ನಿರುಳಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತವರಿಗೆ ಒಂದೇ ಸಾಲಿನಲ್ಲಿ, ಹೆಚ್ಚುಕಡಮೆ ಸಮಾನವಾದ ಅಂತರದಲ್ಲಿ ಹೊಳೆಯುವ ಮೂರು ನಕ್ಷತ್ರಗಳು ಕಾಣದೆ ಇರವು. ಮುಂಬಯಿಯಂತಹ ಮಹಾನಗರದ ದೀಪಗಳು ಆಕಾಶದ ಬಹುಭಾಗವನ್ನು ಮರೆಮಾಡಿದ್ದರೂ ಈ ಮೂರನ್ನೂ ಅವನ್ನು ಸುತ್ತುವರಿದ ನಾಲ್ಕು ತಾರೆಗಳನ್ನೂ ಮನೆಯ ಮಾಳಿಗೆಯಿಂದಲೇ ಗುರುತಿಸಬಹುದು. ಈ ಪುಂಜಕ್ಕೆ ಇಂಗ್ಲಿಷಿನಲ್ಲಿ ಒರಾಯನ್ ಎಂದು ಹೆಸರು. ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಇದಕ್ಕೆ ರೂಢವಾಗಿರುವ ಹೆಸರು ಮಹಾವ್ಯಾಧ, ಎಂದರೆ ದೊಡ್ಡ ಬೇಟೆಗಾರ. ಆದರೆ ನಮ್ಮ ನೆರೆಯ ಮರಾಠಿಗರು ಇದನ್ನೇ ಮೃಗ ಎನ್ನುತ್ತಾರೆ. ಅದರ ಆಗ್ನೇಯಕ್ಕೆ ಉಜ್ಜ್ವಲವಾಗಿ ಬೆಳಗುವ ಬೇರೊಂದು ನಕ್ಷತ್ರವನ್ನು ವ್ಯಾಧ ಎನ್ನುತ್ತಾರೆ. ಒಬ್ಬರಿಗೆ ಬೇಟೆಗಾರನಾಗಿ ಕಂಡದ್ದು ಇನ್ನೊಬ್ಬರಿಗೆ ಬೇಟೆಯಾಗಿ ಕಂಡಿದೆ. ಇದನ್ನು ಕೇವಲ ಹೆಸರಿನ ಭೇದವೆಂದು ಬಿಟ್ಟುಬಿಡಬಹುದೆ? ಹಾಗೆ ಬಿಡಲಾಗದೆಂಬುದೂ, ಈ ಒಂದು ಹೆಸರಿನ ಬದಲಾವಣೆಯಿಂದ ನಮ್ಮ ಪರಂಪರೆಯ ಅತ್ಯಂತ ಹಳೆಯ ಆಕಾಶಚಿತ್ರವೊಂದು ಕನ್ನಡದಲ್ಲಿ ಮರೆಯಾಗುತ್ತಿದೆಯೆಂಬುದೂ ಈ ಲೇಖನದ ಪ್ರತಿಪಾದನೆ.

ಮೊದಲು ನಕ್ಷತ್ರಪುಂಜವೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಒಂದು ಪುಂಜದಲ್ಲಿ ಒಟ್ಟಿಗೆ ಕಾಣುವ ನಕ್ಷತ್ರಗಳು ನಿಜವಾಗಿ ಒಟ್ಟಿಗೆ ಇರಬೇಕಾದುದಿಲ್ಲ. ನಾವು ಲುಬ್ಧಕವೆಂದೂ ಮರಾಠಿಗರು ವ್ಯಾಧವೆಂದೂ ಕರೆಯುವ ನಕ್ಷತ್ರ ನಮ್ಮಿಂದ ಸುಮಾರು 8.6 ಜ್ಯೋತಿರ್ವರ್ಷಗಳ ದೂರದಲ್ಲಿದೆ. ರೋಹಿಣಿ ಸುಮಾರು 65 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಆರ್ದ್ರೆಯ ದೂರವಾದರೋ 500 ಜ್ಯೋತಿರ್ವರ್ಷಗಳನ್ನು ಮೀರುತ್ತದೆ. ಇವುಗಳ ನಡುವೆ ಇರುವ ಸಂಬಂಧ ನಮ್ಮ ದೃಷ್ಟಿರೇಖೆಯದು ಮಾತ್ರ. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 88 ಪುಂಜಗಳ ಪಟ್ಟಿಯನ್ನು ಅಂಗೀಕರಿಸಿತು. 1930ರಲ್ಲಿ ಅವುಗಳ ಗಡಿಗಳು ನಿಷ್ಕರ್ಷೆಯಾಗಿ ಪ್ರಕಟವಾದವು. ಅಂದಿನಿಂದ ವಿಜ್ಞಾನದ ದೃಷ್ಟಿಯಲ್ಲಿ ಪುಂಜವೆಂದರೆ ಆಕಾಶದ ಒಂದು ಕ್ಷೇತ್ರವೇ ಹೊರತು ಒಂದು ಆಕೃತಿಯಲ್ಲ. ಆಕೃತಿಯನ್ನು ಕಲ್ಪಿಸಿದ್ದು ಮನುಷ್ಯನ ಮನಸ್ಸು. ಆದುದರಿಂದ ಪುಂಜಗಳ ಕಥೆಗಳು ನಕ್ಷತ್ರಗಳ ವಿಷಯವಾಗಿ ಏನನ್ನೂ ತಿಳಿಸದಿರಬಹುದು. ಅವನ್ನು ನೋಡಿದ ಜನರ ವಿಷಯವಾಗಿ ಬಹಳವನ್ನು ತಿಳಿಸುತ್ತವೆ.

ಗ್ರೀಕರು ಈ ಪುಂಜದಲ್ಲಿ ಬೇಟೆಗಾರನನ್ನು ಕಂಡರು. ನಾಲ್ಕು ಮೂಲೆಯ ತಾರೆಗಳಲ್ಲಿ ಮೇಲಿನ ಎರಡು ಅವನ ಭುಜಗಳು, ಕೆಳಗಿನ ಎರಡು ಅವನ ಕಾಲುಗಳು, ನಡುವಣ ಮೂರು ಅವನ ನಡುಪಟ್ಟಿ. ಅವನ ಬೆನ್ನಹಿಂದೆ ಬರುವ ಉಜ್ಜ್ವಲ ನಕ್ಷತ್ರ ಅವನ ನಾಯಿ. ಒರಾಯನ್ ಒಂದು ಚೇಳಿನಿಂದ ಹತನಾದನೆಂದು ಒಂದು ಕಥೆ; ಕ್ರಿ.ಪೂ. 3ನೆಯ ಶತಮಾನದ ಕವಿ ಅರಾಟಸ್ ಇದನ್ನು ತನ್ನ ಖಗೋಳಕಾವ್ಯದಲ್ಲಿ ಹೇಳಿದ್ದಾನೆ. ಈ ಕಥೆಯನ್ನು ಆಕಾಶದೊಡನೆ ಹೋಲಿಸಿ ನೋಡಿದರೆ ಅದರ ಅರ್ಥ ತಿಳಿಯುತ್ತದೆ: ವೃಶ್ಚಿಕ ಪೂರ್ವದಲ್ಲಿ ಮೂಡುವಾಗ ಒರಾಯನ್ ಪಶ್ಚಿಮದಲ್ಲಿ ಮುಳುಗುತ್ತದೆ. ಬೇಟೆಗಾರನು ಚೇಳಿಗೆ ಅಂಜಿ ಓಡುತ್ತಾನೆಂಬುದು ಪ್ರತಿವರ್ಷವೂ ಕಣ್ಣಿಗೆ ಕಾಣುವ ಸಂಗತಿ. ಎರಡು ಪುಂಜಗಳು ಎದುರುಬದುರಾಗಿವೆಯೆಂಬ ಅನುಭವವನ್ನು ಕಥೆ ನೆನಪಿನಲ್ಲಿ ಉಳಿಯುವಂತೆ ಕಟ್ಟಿಕೊಟ್ಟಿದೆ.

ನಮ್ಮ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. ಪ್ರಜಾಪತಿ ತನ್ನ ಮಗಳನ್ನೇ ಮೋಹಿಸಿ, ಆಕೆ ಹೆಣ್ಣುಜಿಂಕೆಯಾಗಿರಲು ತಾನು ಗಂಡುಜಿಂಕೆಯಾಗಿ ಅವಳ ಬಳಿಸಾರಿದನು. ಮಾಡಬಾರದ್ದನ್ನು ಪ್ರಜಾಪತಿ ಮಾಡುತ್ತಿರುವನೆಂದು ದೇವತೆಗಳು ಬೆದರಿದರು. ಅವನನ್ನು ದಂಡಿಸಬಲ್ಲವರು ತಮ್ಮಲ್ಲಿ ಯಾರೂ ಇಲ್ಲವೆಂದು ಕಂಡು, ತಮ್ಮ ತಮ್ಮ ಘೋರರೂಪಗಳನ್ನೆಲ್ಲ ಒಂದುಗೂಡಿಸಿ ಒಬ್ಬ ಭಯಂಕರ ದೇವನನ್ನು ನಿರ್ಮಿಸಿದರು. ಅವನು ಬಾಣದಿಂದ ಹೊಡೆದಾಗ ಜಿಂಕೆ ಮೇಲಕ್ಕೆ ನೆಗೆಯಿತು. ಅದೇ ಆಕಾಶದ ಮೃಗ, ಹೊಡೆದವನು ಮೃಗವ್ಯಾಧ, ಹೆಣ್ಣುಜಿಂಕೆ ರೋಹಿಣಿ, ಮೂರು ಭಾಗಗಳುಳ್ಳ ಆ ಬಾಣವೇ ಇಷು ತ್ರಿಕಾಂಡಾ.

ಈ ಕಥೆಯನ್ನು ಕೈಯಲ್ಲಿ ಹಿಡಿದು ಆಕಾಶವನ್ನು ನೋಡಬೇಕು. ನಡುವಣ ಮೂರು ತಾರೆಗಳ ರೇಖೆಯನ್ನು ಆಗ್ನೇಯಕ್ಕೆ ಎಳೆದರೆ ಅದು ಲುಬ್ಧಕದ ಹತ್ತಿರಕ್ಕೆ ಬರುತ್ತದೆ. ಅದನ್ನೇ ವಾಯವ್ಯಕ್ಕೆ ಎಳೆದರೆ ರೋಹಿಣಿಯ ಹತ್ತಿರಕ್ಕೆ ಬರುತ್ತದೆ. ಹೊಡೆದವನು, ಬಾಣ, ಬಾಣ ನಾಟಿದ ಜಿಂಕೆ, ಅದರ ಮುಂದೆ ಓಡುತ್ತಿರುವ ಹೆಣ್ಣುಜಿಂಕೆ, ಈ ನಾಲ್ಕೂ ಹೆಚ್ಚುಕಡಮೆ ಒಂದೇ ರೇಖೆಯಲ್ಲಿ ಇವೆ. ದಿನದಿನವೂ ರೋಹಿಣಿ ಮೊದಲು ಮೂಡುತ್ತದೆ, ಮೃಗ ಅದನ್ನು ಅನುಸರಿಸುತ್ತದೆ, ವ್ಯಾಧ ಕೊನೆಯಲ್ಲಿ ಬರುತ್ತಾನೆ. ಕಥೆಯ ಕ್ರಮವೂ ಉದಯದ ಕ್ರಮವೂ ಒಂದೇ. ಅಲ್ಲದೆ ರೋಹಿಣೀ ನಕ್ಷತ್ರಕ್ಕೆ ಪ್ರಜಾಪತಿ ಅಧಿದೇವತೆಯೆಂದೂ, ಮೃಗದ ಮೈಯಲ್ಲೇ ಇರುವ ಆರ್ದ್ರೆಗೆ ರುದ್ರನು ಅಧಿದೇವತೆಯೆಂದೂ ಪರಂಪರೆ ಹೇಳುತ್ತದೆ. ಕಥೆಯ ಪಾತ್ರಗಳು ಹೀಗೆ ಪಂಚಾಂಗದ ಪಟ್ಟಿಯಲ್ಲಿಯೂ ಸ್ಥಾನ ಪಡೆದಿವೆ. ಗ್ರೀಕರಿಗೆ ನಾಯಿಯಾಗಿ ಕಂಡ ನಕ್ಷತ್ರ ನಮ್ಮವರಿಗೆ ಬೇಡನಾಗಿ ಕಂಡಿತು. ಅವರಿಗೆ ಬೇಡನಾಗಿ ಕಂಡದ್ದು ನಮ್ಮವರಿಗೆ ಜಿಂಕೆಯಾಗಿ ಕಂಡಿತು. ಎರಡು ಚಿತ್ರಗಳೂ ತಮ್ಮತಮ್ಮೊಳಗೆ ಸುಸಂಗತವಾಗಿವೆ. ಆದರೆ ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿದರೆ ಎರಡೂ ಕೆಡುತ್ತವೆ.

ಚಿತ್ರ ಒಂದೇ ಆಗಿದ್ದರೂ ಅದರ ಕಥೆ ಬದಲಾಗಬಹುದೆಂಬುದಕ್ಕೂ ನಮ್ಮಲ್ಲಿ ನಿದರ್ಶನವಿದೆ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಜಿಂಕೆಯಾದವನು ಪ್ರಜಾಪತಿಯಲ್ಲ, ಯಜ್ಞ. ರುದ್ರನ ಬಾಣ ತಗುಲಿದ ಯಜ್ಞವು ಮೃಗರೂಪದಿಂದ ಆಕಾಶಕ್ಕೆ ಓಡುತ್ತದೆ, ರುದ್ರನು ಬೆನ್ನಟ್ಟುತ್ತಾನೆ. ಇಲ್ಲಿ ಪಾಪದ ಮಾತಿಲ್ಲ, ಮಗಳಿಲ್ಲ; ತನಗೆ ಭಾಗ ಕೊಡದ ಯಜ್ಞದ ಮೇಲೆ ರುದ್ರನ ಕೋಪವಿದೆ. ಕಾಲಾನುಗುಣವಾಗಿ ನೀತಿ ಬದಲಾಯಿತು, ಮತ ಬದಲಾಯಿತು, ಪಾತ್ರಗಳು ಬದಲಾದವು. ಜಿಂಕೆ, ಬಾಣ, ಬೇಡ ಇವು ಮಾತ್ರ ಉಳಿದವು. ಕಥೆಯಿಂದ ಚಿತ್ರ ಹುಟ್ಟಿತೆಂಬುದಕ್ಕಿಂತ ಚಿತ್ರವೇ ಕಥೆಗಳನ್ನು ಬರಮಾಡಿಕೊಂಡಿತೆಂಬುದು ಹೆಚ್ಚು ಯುಕ್ತವಾಗಿ ತೋರುತ್ತದೆ.

ಇಂತಹ ಕಥೆಗಳನ್ನು ಓದುವುದರಲ್ಲಿ ಎರಡು ತಪ್ಪುಗಳು ಸಾಮಾನ್ಯವಾಗಿವೆ. ಇವು ಬರಿಯ ಕಟ್ಟುಕಥೆಗಳೆಂದು ತಳ್ಳಿಹಾಕುವುದು ಒಂದು. ಮೇಲಿನ ಹೋಲಿಕೆಯನ್ನು ನೋಡಿದವರಿಗೆ ಅದರ ದೋಷವನ್ನು ಬೇರೆ ಹೇಳಬೇಕಾಗಿಲ್ಲ. ಇವುಗಳಲ್ಲಿ ಖಚಿತವಾದ ಗಣಿತ ಅಡಗಿದೆಯೆಂದು ನಂಬುವುದು ಇನ್ನೊಂದು. ಇದು ವಿದ್ವಾಂಸರ ತಪ್ಪು, ಆದುದರಿಂದ ಹೆಚ್ಚು ಸೂಕ್ಷ್ಮವಾದುದು. 1893ರಲ್ಲಿ ಬಾಲಗಂಗಾಧರ ತಿಲಕರು ಒರಾಯನ್ ಎಂಬ ತಮ್ಮ ಗ್ರಂಥದಲ್ಲಿ, ವಸಂತಋತುವಿನಲ್ಲಿ ಹಗಲು ಇರುಳು ಸಮನಾಗುವ ದಿನ ಸೂರ್ಯನು ಮೃಗಶಿರದಲ್ಲಿದ್ದ ಕಾಲವನ್ನು ವೈದಿಕ ಸಾಹಿತ್ಯ ನೆನಪಿನಲ್ಲಿಟ್ಟಿದೆಯೆಂದು ವಾದಿಸಿದರು. ಆ ಕಾಲ ಸುಮಾರು ಕ್ರಿ.ಪೂ. 4000. ಅದೇ ವರ್ಷ ಜರ್ಮನಿಯ ಯಾಕೋಬಿ ಸ್ವತಂತ್ರವಾಗಿಯೇ ಇಂತಹ ನಿರ್ಣಯಕ್ಕೆ ಬಂದರು. ಅಮೆರಿಕದ ವಿಟ್ನಿ, ಥೀಬೋ ಮೊದಲಾದವರು ಇದನ್ನು ಖಂಡಿಸಿದರು.

ತಿಲಕರ ಗಣಿತ ತಪ್ಪಲ್ಲ. ಅಯನಚಲನೆಯಿಂದ ವಿಷುವಬಿಂದು ಸುಮಾರು 72 ವರ್ಷಗಳಿಗೆ ಒಂದು ಅಂಶದಂತೆ ಹಿಂದಕ್ಕೆ ಸರಿಯುತ್ತದೆ. ಸುಮಾರು ಆರು ಸಾವಿರ ವರ್ಷಗಳ ಹಿಂದೆ ಅದು ಮೃಗಶಿರದಲ್ಲಿ ಇದ್ದುದು ನಿಜ. ಅವರ ಓದು ಕೂಡ ಸಾಮಾನ್ಯವಾದುದಲ್ಲ. ಜಿಂಕೆಯ ಕಥೆಯನ್ನು ಆಕಾಶದೊಡನೆ ಹೋಲಿಸಿ ವಿಸ್ತಾರವಾಗಿ ವಿವೇಚಿಸಿದ ಕೀರ್ತಿ ಅವರದು. ದೋಷವಿರುವುದು ಕಥೆಯಿಂದ ಕಾಲಕ್ಕೆ ಹಾರುವ ಹೆಜ್ಜೆಯಲ್ಲಿ. ಬೇಟೆಯ ಕಥೆ ತಾನಾಗಿ ಯಾವ ಋತುವನ್ನೂ ಹೇಳುವುದಿಲ್ಲ. ಜಿಂಕೆಯೂ ಬೇಡನೂ ಅಂದು ಇದ್ದಂತೆಯೇ ಇಂದೂ ಒಂದೇ ರೇಖೆಯಲ್ಲಿದ್ದಾರೆ. ಋತುವನ್ನು ಹೇಳಿಸಲು ತಿಲಕರು ಆಗ್ರಹಾಯಣೀ ಎಂಬ ಶಬ್ದವನ್ನು, ಮೃಗಶಿರ ವರ್ಷದ ಮೊದಲೆಂಬ ಅರ್ಥವನ್ನು, ಅವಲಂಬಿಸಬೇಕಾಯಿತು. ಆದರೆ ಮಾರ್ಗಶಿರ ಮಾಸದಿಂದ ವರ್ಷವನ್ನು ಎಣಿಸಿದರೂ ಆ ಹೆಸರು ಸಲ್ಲುತ್ತದೆ. ಆಗ ಮೃಗಶಿರದ ಬಳಿ ಇರುವವನು ಹುಣ್ಣಿಮೆಯ ಚಂದ್ರ, ಸೂರ್ಯನಲ್ಲ. ಒಂದೇ ಶಬ್ದ ಸಾವಿರಾರು ವರ್ಷಗಳ ಅಂತರವುಳ್ಳ ಎರಡು ಕಾಲಗಳಿಗೆ ಸಮಾನವಾಗಿ ಒದಗುವುದಾದರೆ ಅದನ್ನು ಪ್ರಮಾಣವೆನ್ನುವುದು ಹೇಗೆ? ಕೃತ್ತಿಕೆಗಳು ಪೂರ್ವದಿಕ್ಕನ್ನು ಬಿಟ್ಟು ಸರಿಯುವುದಿಲ್ಲವೆಂದು ಶತಪಥಬ್ರಾಹ್ಮಣ ಹೇಳುವ ಮಾತು ಬೇರೆ ಬಗೆಯದು. ಅದು ಕಥೆಯಲ್ಲ, ಕಂಡದ್ದರ ಹೇಳಿಕೆ. ಶಂಕರ ಬಾಲಕೃಷ್ಣ ದೀಕ್ಷಿತರು ಅದರಿಂದ ಕಾಲವನ್ನು ಊಹಿಸಿದ್ದು ಚರ್ಚಾಸ್ಪದವಾದರೂ ಆ ಪ್ರಯತ್ನಕ್ಕೆ ಆಧಾರವಿದೆ. ಹೇಳಿಕೆಯನ್ನೂ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಅಯನಚಲನೆಯ ಪರಿಣಾಮವನ್ನು ತಿಳಿಯಲು ನಾವು ವೇದಕಾಲಕ್ಕೇ ಹೋಗಬೇಕಾದುದಿಲ್ಲ. ನಮ್ಮ ರೈತನ ಮಳೆಯ ಲೆಕ್ಕವೇ ಸಾಕು. ಇಂದು ಸೂರ್ಯನು ಮೃಗಶಿರವನ್ನು ಪ್ರವೇಶಿಸುವುದು ಜೂನ್ 8ರ ಸುಮಾರಿಗೆ. ತಿಲಕರು ಹೇಳಿದ ಕಾಲದಲ್ಲಿ ವಸಂತದ ನಕ್ಷತ್ರವಾಗಿದ್ದುದು ನಮ್ಮ ಕಾಲಕ್ಕೆ ಮುಂಗಾರಿನ ನಕ್ಷತ್ರವಾಗಿದೆ. ಉತ್ತರ ಕರ್ನಾಟಕದಲ್ಲಿ ಮಿರಗದ ಮಳೆ, ಮಹಾರಾಷ್ಟ್ರದಲ್ಲಿ ಮೃಗ, ತೆಲುಗುನಾಡಿನಲ್ಲಿ ಮೃಗಶಿರ ಕಾರ್ತೆ ಎಂದು ಜನ ಕಾಯುವುದು ಇದನ್ನೇ. ಒಂದು ನಕ್ಷತ್ರಭಾಗ 13 ಅಂಶ 20 ಕಲೆಯಾದುದರಿಂದ ಸುಮಾರು 960 ವರ್ಷಗಳಿಗೆ ಒಮ್ಮೆ ಈ ಲೆಕ್ಕ ಒಂದು ನಕ್ಷತ್ರದಷ್ಟು ಜಾರುತ್ತದೆ. ಸಾವಿರ ವರ್ಷಗಳ ಹಿಂದೆ ಜೂನ್ ಎರಡನೆಯ ವಾರದ ಮಳೆಗೆ ಸಲ್ಲುತ್ತಿದ್ದ ನಕ್ಷತ್ರ ಆರ್ದ್ರೆ. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಮಳೆಯ ನಕ್ಷತ್ರವೆಂದರೆ ಸೂರ್ಯನಿರುವ ನಕ್ಷತ್ರ. ಆ ದಿನಗಳಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಗ್ರೀಕ್ ಕವಿ ಹೆಸಿಯಡ್ ಕೃತ್ತಿಕೆಗಳ ಉದಯಾಸ್ತಗಳನ್ನು ಕಣ್ಣಾರೆ ನೋಡಿ ಕೊಯಿಲನ್ನೂ ಉಳುಮೆಯನ್ನೂ ಆರಂಭಿಸಬೇಕೆಂದು ಹೇಳಿದ. ನಮ್ಮ ರೈತನಾದರೋ ಮಿರಗವನ್ನು ಪಂಚಾಂಗದಿಂದ ಬಲ್ಲ. ಮೃಗವು ಇಡೀ ರಾತ್ರಿ ಬೆಳಗುವುದು ಮಾರ್ಗಶಿರದ ಹುಣ್ಣಿಮೆಯ ಸುಮಾರಿನಲ್ಲಿ. ಆಗ ಅದಕ್ಕೂ ಮಳೆಗೂ ಸಂಬಂಧವಿಲ್ಲ. ಹೀಗಾಗಿ ಹೆಸರು ಒಂದು ಕಡೆ, ಆಕೃತಿ ಇನ್ನೊಂದು ಕಡೆ ಉಳಿದವು. ಮೃಗಶಿರವೆಂಬ ಶಬ್ದವನ್ನು ಜಾತಕದಲ್ಲಿಯೂ ಮಳೆಯಲ್ಲಿಯೂ ಬಲ್ಲ ಕನ್ನಡಿಗನಿಗೆ ಆಕಾಶದಲ್ಲಿ ಜಿಂಕೆಯನ್ನು ತೋರಿಸುವವರು ಇಲ್ಲವಾದರು.

ಇಂತಹ ಸಂಧಿಯಲ್ಲಿ ವಿಜ್ಞಾನಗ್ರಂಥಗಳು ಒರಾಯನ್ನಿಗೆ ಮಹಾವ್ಯಾಧವೆಂಬ ಹೆಸರನ್ನು ಕೊಟ್ಟವು. ಆ ಗ್ರಂಥಕರ್ತರ ಶ್ರಮವನ್ನು ಅಲ್ಲಗಳೆಯಲಾಗದು. 88 ಪುಂಜಗಳಲ್ಲಿ ಅನೇಕಕ್ಕೆ, ವಿಶೇಷವಾಗಿ ದಕ್ಷಿಣಾಕಾಶದಲ್ಲಿ ಐರೋಪ್ಯರು ಇತ್ತೀಚಿನ ಶತಮಾನಗಳಲ್ಲಿ ಕಲ್ಪಿಸಿದವುಗಳಿಗೆ, ನಮ್ಮಲ್ಲಿ ಹೆಸರೇ ಇರಲಿಲ್ಲ. ಅರ್ಥವನ್ನು ಅನುವಾದಿಸಿದರೆ ವಿದ್ಯಾರ್ಥಿಗೆ ಸುಲಭವಾಗುವುದೆಂಬ ಅವರ ಭಾವನೆ ಯೋಗ್ಯವಾದುದೇ. ಆದರೆ ಹೆಸರಿಲ್ಲದೆಡೆಯಲ್ಲಿ ಅನುವಾದ ಉಪಕಾರ. ಹೆಸರಿರುವೆಡೆಯಲ್ಲಿ ಅದೇ ಅಪಕಾರ. ಫಲವನ್ನು ನೋಡಬಹುದು: ಮೃಗದ ಶಿರವೆಂಬ ನಕ್ಷತ್ರ ಈಗ ಬೇಟೆಗಾರನ ತಲೆಯಲ್ಲಿದೆ, ಲುಬ್ಧಕ, ಎಂದರೆ ಬೇಡ, ಮಹಾಶ್ವಾನವೆಂಬ ನಾಯಿಯ ಮೈಯಲ್ಲಿದ್ದಾನೆ. ಬೇಡರು ಇಬ್ಬರಾದರು, ಜಿಂಕೆ ಇಲ್ಲವಾಯಿತು. ಇದೇ ಗ್ರಂಥಗಳು ದೊಡ್ಡ ಕರಡಿಯನ್ನು ಅನುವಾದಿಸದೆ ಸಪ್ತರ್ಷಿಮಂಡಲವೆಂಬ ಹೆಸರನ್ನೇ ಉಳಿಸಿಕೊಂಡಿವೆ. ಋಷಿಗಳಿಗೆ ಸಂದ ಮರ್ಯಾದೆ ಜಿಂಕೆಗೇಕೆ ಸಲ್ಲಬಾರದು?

ನಮ್ಮ ಸಲಹೆ ಸರಳವಾದುದು. ಅಂತರರಾಷ್ಟ್ರೀಯ ಗಡಿಗಳುಳ್ಳ ಕ್ಷೇತ್ರವನ್ನು ಹೇಳುವಾಗ ಒರಾಯನ್ ಎಂದೇ ಬರೆಯಲಿ. ಆಕೃತಿಯನ್ನು ತೋರಿಸುವಾಗ ಮೃಗ, ತ್ರಿಕಾಂಡ, ಮೃಗವ್ಯಾಧ ಎಂಬ ಹೆಸರುಗಳನ್ನು ಬಳಸಲಿ. ಗ್ರೀಕರ ಕಥೆಯನ್ನು ಗ್ರೀಕರದೆಂದೂ ನಮ್ಮದನ್ನು ನಮ್ಮದೆಂದೂ ಹೇಳಲಿ. ಎರಡನ್ನೂ ಬಲ್ಲ ವಿದ್ಯಾರ್ಥಿಗೆ ನಷ್ಟವಿಲ್ಲ.

ಹೊರನಾಡಿನ ಕನ್ನಡಿಗರು ಈ ಕೆಲಸದಲ್ಲಿ ಒಂದು ಅನುಕೂಲವನ್ನು ಪಡೆದಿದ್ದಾರೆ. ಪುಣೆ ಮುಂಬಯಿಗಳಲ್ಲಿ ಮೃಗವನ್ನು ಮೃಗವೆಂದೇ ಕರೆಯುವ ನೆರೆಯವರು ಅವರಿಗಿದ್ದಾರೆ. ಹೈದರಾಬಾದಿನಲ್ಲಿರುವವರು ಮೃಗಶಿರ ಕಾರ್ತೆಯ ಆಚರಣೆಗಳನ್ನು ಕಂಡಿದ್ದಾರೆ. ಚೆನ್ನೈಯಲ್ಲಿರುವವರು ಮಾರ್ಗಳಿಯ ತಿರುವಾದಿರೈ ದಿನ ಆರ್ದ್ರಾ ನಕ್ಷತ್ರದ ಹೆಸರಿನಲ್ಲಿ ನಟರಾಜನ ದರ್ಶನಕ್ಕೆ ನೆರೆಯುವ ಜನವನ್ನು ನೋಡಿದ್ದಾರೆ. ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ಅನೇಕರು ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ತಮ್ಮ ಮನೆಯ ಹಿರಿಯರು ಯಾವ ನಕ್ಷತ್ರವನ್ನು ಏನೆಂದು ಕರೆಯುತ್ತಿದ್ದರು, ಅದನ್ನು ಆಕಾಶದಲ್ಲಿ ತೋರಿಸುತ್ತಿದ್ದರೆ ಅಥವಾ ಮಳೆಯ ಹೆಸರಾಗಿ ಮಾತ್ರ ಬಲ್ಲವರಾಗಿದ್ದರೆ ಎಂಬುದನ್ನು ಊರಿನ ಹೆಸರಿನೊಡನೆ ಬರೆದಿಟ್ಟರೆ ಮೇಲಿನ ವಿಚಾರಗಳನ್ನು ಪರೀಕ್ಷಿಸಲು ಆಧಾರ ದೊರೆಯುತ್ತದೆ. ಆ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ವಾಚಕರು ಇತ್ತ ಗಮನ ಕೊಡಬೇಕೆಂದು ಪ್ರಾರ್ಥನೆ.